ದ್ಯಾವಪ್ಪನ ಬಾಯಿಗೆ ಬಾರದ ಒಂದು

ಕಡಬದ ಕೆರೆಯ ಆಚೆ ಬದಿಯ ಹಳ್ಳಿಯಲ್ಲಿ ದ್ಯಾವಪ್ಪನೆಂದರೆ ಎಲ್ಲರಿಗೂ ಗೌರವ. ಆದರೆ ಅವನ ಕೈಗೆ ಏನಾದರೂ ಕೊಟ್ಟು ಎಣಿಸಲು ಹೇಳಿ ಮಜಾ ತೆಗೆದುಕೊಳ್ಳದವರು ಆ ಊರಿನಲ್ಲಿ ಯಾರೂ ಇಲ್ಲ. ಅರವತ್ತೆಂಟು ವರ್ಷದ ಈ ಮನುಷ್ಯ ರಾಗಿ ಅಳೆಯುವವನು. ಅವನಪ್ಪನೂ ಅದೇ ಕೆಲಸದವನು. ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ ‘ಒಂದು’ ಅನ್ನುವಂತಿಲ್ಲ, ‘ಲಾಭ’ ಅನ್ನಬೇಕು. ಆಮೇಲೆ ಎರಡು, ಮೂರು, ನಾಲ್ಕು. ಒಂದು ಅಂದರೆ ರಾಶಿ ಒಂದಕ್ಕೇ ನಿಂತುಬಿಡುತ್ತದೆ ಎಂದು ಹಿರಿಯರ ನಂಬಿಕೆ. ಇದು ಸುತ್ತಮುತ್ತಲಿನ ರೈತರಿಗೆಲ್ಲ ಗೊತ್ತಿರುವ ಪದ್ಧತಿಯೇ. ಉಳಿದವರು ಅದನ್ನು ಕಣದಲ್ಲೇ ಬಿಟ್ಟು ಮನೆಗೆ ಬರುತ್ತಿದ್ದರು. ದ್ಯಾವಪ್ಪ ಮಾತ್ರ ಜೊತೆಗೇ ಕರೆದುಕೊಂಡು ಬಂದ.

ಗುಬ್ಬಿಯ ಡಾಕ್ಟರು ಮಾತ್ರೆ ಕೊಟ್ಟು, ಹೇಗೆ ನುಂಗುತ್ತೀಯ ಹೇಳು ಎಂದರೆ ‘ಬೆಳಿಗ್ಗೆ ಲಾಭ, ರಾತ್ರಿ ಲಾಭ’ ಅನ್ನುತ್ತಿದ್ದ. ಬಸ್ಸಿನಲ್ಲಿ ಕಂಡಕ್ಟರ್ ಎಷ್ಟು ಟಿಕೆಟ್ ಎಂದು ಕೇಳಿದರೆ ಸುಮ್ಮನೆ ತೋರುಬೆರಳು ಎತ್ತುತ್ತಿದ್ದ. ಹನ್ನೊಂದು, ಇಪ್ಪತ್ತೊಂದರ ಮೇಲೆ ಅವನಿಗೆ ಯಾವ ತಕರಾರೂ ಇರಲಿಲ್ಲ. ಎಣಿಕೆಯ ತಲೆಬಾಗಿಲಿಗೆ ಬರುವ ಒಂದು ಮಾತ್ರ ಅವನ ನಾಲಗೆಗೆ ಆಗದು. ಹೆಂಡತಿ ರಂಗಲಕ್ಷ್ಮಮ್ಮನಂತೂ ನಲವತ್ತೈದು ವರ್ಷದಿಂದ ಇದನ್ನು ಕೇಳಿ ಕೇಳಿ, ನಗುವುದನ್ನೂ ಬಿಟ್ಟು ಬಯ್ಯುವುದನ್ನೂ ಬಿಟ್ಟಿದ್ದಳು.

ಇದರ ಹಿಂದೆ ಒಂದು ನೋವಿತ್ತು. ಆರು ವರ್ಷದವನಿದ್ದಾಗ ಅಪ್ಪ ಅವನನ್ನು ಊರಿನ ಹಂಚಿನ ಶಾಲೆಗೆ ಸೇರಿಸಿದ. ಮೂರನೇ ದಿನ ವೆಂಕಟರಂಗಯ್ಯ ಮೇಷ್ಟ್ರು ಹುಣಸೆಬೀಜ ಮುಂದಿಟ್ಟು ಎಣಿಸು ಎಂದರು. ಕಣದಲ್ಲೇ ಬೆಳೆದ ಹುಡುಗ ‘ಲಾಭ’ ಎಂದು ಶುರು ಮಾಡಿದ. ತರಗತಿಯೆಲ್ಲ ನಕ್ಕಿತು. ಮೇಷ್ಟ್ರು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿ ನೂರು ಸಲ ‘ಒಂದು’ ಅನ್ನಲು ಹೇಳಿದರು. ದ್ಯಾವಪ್ಪ ಒಂದು ಸಲವೂ ಅನ್ನಲಿಲ್ಲ. ಪಕ್ಕದಲ್ಲಿದ್ದ ಕಿಟಕಿಯಿಂದ ಹಾರಿ ಮನೆಗೆ ಓಡಿದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಮೇಷ್ಟ್ರು ಹೆಸರು ಹೊಡೆದುಹಾಕಿದರು. ಅಂದಿನಿಂದ ಅರವತ್ತೆರಡು ವರ್ಷ ಶಾಲೆಯ ಮುಂದೆ ಹಾದುಹೋಗುವಾಗಲೆಲ್ಲ ಅವನು ರಸ್ತೆಯ ಆಚೆ ಬದಿಗೆ ದಾಟಿಕೊಳ್ಳುತ್ತಿದ್ದ. ಈಗ ಮೊಮ್ಮಗಳು ಕೃತಿಕಾ ಅದೇ ಶಾಲೆಯಲ್ಲಿ ನಾಲ್ಕನೇ ತರಗತಿ. ಅವಳನ್ನು ಬಿಡಲು ಹೋದರೂ ಬೇವಿನ ಮರದವರೆಗೆ ಮಾತ್ರ. ಗೇಟು ಮೊಮ್ಮಗಳ ಪಾಲು.

ಆ ಶಾಲೆಗೆ ಎರಡು ವರ್ಷದ ಹಿಂದೆ ಪ್ರೇಮಲತಾ ಮಿಸ್ ಬಂದರು. ಕುಣಿಗಲ್ ಕಡೆ ಕೊತ್ತಗೆರೆಯವರು. ಒಂದರಿಂದ ಐದರವರೆಗೆ ಇರುವುದು ಇಪ್ಪತ್ತಮೂರೇ ಮಕ್ಕಳು. ಆದರೆ ಆ ಇಪ್ಪತ್ತಮೂರು ಮಕ್ಕಳನ್ನು ಮಿಸ್ ನಾಲ್ಕು ಗೋಡೆಯೊಳಗೆ ಕೂರಿಸಿದ್ದು ಕಡಿಮೆ. ಅಂಚೆ ಕಚೇರಿಗೆ ಕರೆದುಕೊಂಡು ಹೋಗಿ ಎಲ್ಲರ ಕೈಯಲ್ಲೂ ತಮ್ಮ ತಮ್ಮ ಮನೆಗೇ ಕಾಗದ ಬರೆಸಿ ಹಾಕಿಸಿದರು. ಮರುದಿನದಿಂದ ಮಕ್ಕಳು ಶಾಲೆಗೆ ಬರದೆ ಪೋಸ್ಟ್‌ಮ್ಯಾನ್ ದಾರಿ ಕಾಯುತ್ತ ಜಗಲಿಯಲ್ಲಿ ಕೂತರು. ಟೈಲರ್ ಅಂಗಡಿಗೆ ಅಳತೆ ಕಲಿಯಲು ಹೋದ ದಿನ ಟೇಪು ಹಿಡಿದು ಊರಿನ ಎಮ್ಮೆಗಳ ಸೊಂಟವನ್ನೆಲ್ಲ ಅಳೆದು ಬರೆದುಕೊಂಡು ಬಂದರು. ಕ್ಷೌರದ ಅಂಗಡಿಗೆ ಹೋದಾಗ ರಂಗನಾಥನೆಂಬ ಹುಡುಗ, ಟ್ರಿಮ್ಮರ್ ಹೇಗೆ ಕೆಲಸ ಮಾಡುತ್ತದೆ ಎಂದು ತನ್ನ ತಲೆಯ ಮೇಲೇ ತೋರಿಸಿಕೊಳ್ಳಲು ಕೂತ. ಅಷ್ಟರಲ್ಲಿ ಕರೆಂಟು ಹೋಗಿ, ಅದು ನಿಂತು, ಅರ್ಧ ತಲೆಯಲ್ಲೇ ಶಾಲೆಗೆ ವಾಪಸ್ಸಾದ.

ಇವೆಲ್ಲದರ ಕೊನೆಗೆ ತುಮಕೂರಿನ ಪ್ರವಾಸವಿತ್ತು. ಶಿರಾ ಗೇಟಿನಲ್ಲಿ ಇಳಿದು, ರಸ್ತೆಯುದ್ದಕ್ಕೂ ಇರುವ ಅಂಗಡಿಗಳ ಬೋರ್ಡುಗಳನ್ನು ಗಟ್ಟಿಯಾಗಿ ಓದುತ್ತ ನಡೆಯುವುದು ಮಿಸ್ ಹಾಕಿದ್ದ ಯೋಜನೆ. ಕೃತಿಕಾ ಅದಕ್ಕಾಗಿಯೇ ಹೊಸ ನೋಟ್‌ಬುಕ್ಕಿಗೆ ರಟ್ಟು ಹಾಕಿಸಿಕೊಂಡು, ಎರಡು ತಿಂಗಳಿಂದ ತಲೆದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದಳು.

ಜನವರಿಯಲ್ಲಿ ಮಿಸ್ ದ್ಯಾವಪ್ಪನ ಮನೆಗೇ ಬಂದರು. ಮಕ್ಕಳಿಗೆ ಕೊಳಗ, ಸೇರು ಕಣ್ಣಾರೆ ಕಾಣಬೇಕು, ನೀವು ಶಾಲೆಗೆ ಬಂದು ತೋರಿಸಿಕೊಡಬೇಕು ಎಂದು ಕೇಳಿದರು. ದ್ಯಾವಪ್ಪನ ಮುಖ ಇಳಿದುಹೋಯಿತು.

“ಅದು ನನ್ ಇಸ್ಕೂಲಲ್ಲ ಮೇಡಮ್ಮೋರೆ. ಎಸ್ರು ಒಡ್ದಾಕ್ಬುಟ್ಟವ್ರೆ. ಬೇಕಾದ್ರೆ ಮಕ್ಳನ್ನ ಕಣಕ್ಕೇ ಕರ್ಕಂಡ್ ಬನ್ನಿ.”

ಮಿಸ್‌ಗೆ ಅದಕ್ಕಿಂತ ಬೇರೆ ಬೇಕಿರಲಿಲ್ಲ. ಈಗ ಎಲ್ಲೆಡೆ ರಾಗಿಯನ್ನು ಮಿಷನ್ನಿಗೆ ಹಾಕಿ, ಚೀಲ ತುಂಬಿ, ತೂಕ ಮಾಡಿಬಿಡುತ್ತಾರೆ. ಕಣಗಳೂ ಕಡಿಮೆಯಾಗಿವೆ. ಆದರೂ ಮೊದಲ ಕೊಳಗ ದ್ಯಾವಪ್ಪನ ಕೈಯಿಂದಲೇ ಬೀಳಲಿ ಎನ್ನುವ ಮನೆಗಳು ಇನ್ನೂ ಏಳೆಂಟು ಇವೆ. ಅಂಥ ಒಂದು ಕಣಕ್ಕೆ ಇಪ್ಪತ್ತಮೂರು ಮಕ್ಕಳು ಸಾಲಾಗಿ ಬಂದರು. ಕಣಕ್ಕೆ ಮೆಟ್ಟು ಹಾಕಿಕೊಂಡು ಇಳಿಯುವಂತಿಲ್ಲ ಎಂದು ದ್ಯಾವಪ್ಪ ತಡೆದ. ಸರ್ಕಾರ ಕೊಟ್ಟ ಕಪ್ಪು ಶೂಗಳು, ಎಲ್ಲವೂ ಅಕ್ಕತಂಗಿಯರಂತೆ ಒಂದೇ ಥರದವು, ಬೇಲಿಯ ಬಳಿ ಗುಡ್ಡೆಯಾದವು.

ಮಿಸ್ ಮೊದಲು ರಾಶಿ ನೋಡಿ ಎಷ್ಟು ಕೊಳಗವಾಗಬಹುದೆಂದು ಅಂದಾಜು ಹೇಳಿಸಿದರು. ರಂಗನಾಥ ಐದು ಸಾವಿರ ಎಂದ. ಆಮೇಲೆ ದ್ಯಾವಪ್ಪ ರಾಶಿಗೆ ಕೈಮುಗಿದು ಅಳೆಯಲು ಕೂತ. ಕೊಳಗಕ್ಕೆ ರಾಗಿ ಎಳೆದುಕೊಳ್ಳುವ ಅವನ ಕೈ, ಅಂಚಿಗೆ ಸವರುವ ಅವನ ಅಂಗೈ, ಒಂದು ಕಾಳೂ ಆಚೆ ಬೀಳದಂತೆ ಸುರಿಯುವ ಠೀವಿ, ಇವನ್ನೆಲ್ಲ ಮಕ್ಕಳು ಬಾಯಿ ತೆರೆದು ನೋಡಿದರು. ಅವನು ‘ಲಾಭ’ ಎಂದು ರಾಗವಾಗಿ ಎಳೆದಾಗ ಯಾರೂ ನಗಲಿಲ್ಲ. ದ್ಯಾವಪ್ಪ ಕೊಳಗ ಹಿಡಿದುಕೊಂಡೇ ಮಕ್ಕಳ ಮುಖವನ್ನು ಎರಡೆರಡು ಸಲ ನೋಡಿಕೊಂಡ. ನಿಜವಾಗಿಯೂ ನಗುತ್ತಿರಲಿಲ್ಲ. ಒಂದನೇ ತರಗತಿಯ ಹೇಮಶ್ರೀ, ಕೊಳಗದಷ್ಟೇ ಎತ್ತರದ ಹುಡುಗಿ, ಅವನ ಮೊಣಕಾಲಿಗೆ ಒರಗಿಕೊಂಡು, ರಾಶಿಗೆ ಕಿವಿ ಎಲ್ಲಿದೆ ತಾತ, ಅದಕ್ಕೆ ನಾವು ಅಂದದ್ದು ಹೇಗೆ ಕೇಳಿಸುತ್ತದೆ ಎಂದು ಕೇಳಿದಳು. ಅರವತ್ತು ವರ್ಷ ಅಳೆದವನಿಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ. ನೋಡಿ ಹೇಳ್ತೀನಿ ಎಂದು ತಪ್ಪಿಸಿಕೊಂಡ.

ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಎಂಬುದನ್ನು ಮಕ್ಕಳು ಪುಸ್ತಕವಿಲ್ಲದೆ ಕಲಿತರು. ಪ್ರತಿಯೊಬ್ಬರೂ ಒಂದೊಂದು ಕೊಳಗ ಅಳೆದರು. ಹೊರಡುವಾಗ ಶೂಗಳು ಬೆರೆತುಹೋಗಿದ್ದವು. ಐದನೇ ತರಗತಿಯ ಕಾಲು ಒಂದನೇ ತರಗತಿಯ ಶೂಗೆ ನುಗ್ಗಲು ಹೋಗಿ, ಹೇಮಶ್ರೀಯ ಪಾಲಿಗೆ ಎರಡೂ ಎಡಗಾಲಿನವೇ ಉಳಿದವು. ಅವಳಿಗೆ ಅದರ ಬಗ್ಗೆ ಏನೂ ಬೇಸರವಿರಲಿಲ್ಲ.

ಮರುದಿನದಿಂದ ಶಾಲೆಯಲ್ಲಿ ‘ಒಂದು’ ಮಾಯವಾಯಿತು. ಬಿಸಿಯೂಟದ ಹನುಮಂತಮ್ಮ ಸಾಂಬಾರು ಬಡಿಸಿದರೆ ಮಕ್ಕಳು ‘ಲಾಭ ಸೌಟು ಸಾಕು’ ಅನ್ನುತ್ತಿದ್ದರು. ಕುಂಟೆಬಿಲ್ಲೆ, ಗೋಲಿ, ಎಲ್ಲದಕ್ಕೂ ಲಾಭವೇ. ಪ್ರೇಮಲತಾ ಮಿಸ್ ಇದನ್ನು ಕಂಡು ನಕ್ಕು ಸುಮ್ಮನಾದರು. ತಪ್ಪಾದದ್ದು ಅಲ್ಲಿ.

ಎರಡನೇ ವಾರ ಮಕ್ಕಳ ಕಲಿಕೆ ಪರೀಕ್ಷಿಸಲು ಮೇಲಿನ ಕಚೇರಿಯಿಂದ ಭಾನುಪ್ರಕಾಶ್ ಎಂಬ ಅಧಿಕಾರಿ ಬಂದರು. ಹೇಮಶ್ರೀಯನ್ನು ಎಬ್ಬಿಸಿ ಹತ್ತರವರೆಗೆ ಎಣಿಸಲು ಹೇಳಿದರು. ಅವಳು ಲಾಭ, ಎರಡು, ಮೂರು ಎಂದು ಹತ್ತರ ತನಕ ಪಟಪಟ ಹೇಳಿ ಕೂತಳು. ಮತ್ತೊಬ್ಬನನ್ನು ಎಬ್ಬಿಸಿದರು. ಅವನೂ ಅದನ್ನೇ ಅಂದ. ಸಾಹೇಬರು ಪಟ್ಟುಬಿಡದೆ ಇಪ್ಪತ್ತಮೂರು ಮಕ್ಕಳನ್ನೂ ಕೇಳಿದರು. ಈ ಶಾಲೆಯ ಮಕ್ಕಳು ಎರಡರಿಂದ ನೂರರವರೆಗೆ ತಪ್ಪಿಲ್ಲದೆ ಎಣಿಸುತ್ತಾರೆ, ಆದರೆ ಒಂದು ಯಾರಿಗೂ ಗೊತ್ತಿಲ್ಲ ಎಂದು ಬರೆದುಕೊಂಡರು. ಹೊರಗೆ ಸುತ್ತಾಡಿಸಿದ್ದರ ಫಲ ಇದು, ಮುಂದಿನ ಗುರುವಾರ ಮತ್ತೆ ಬರುತ್ತೇನೆ, ಅಷ್ಟರಲ್ಲಿ ಲಿಖಿತ ವಿವರಣೆ ಸಿದ್ಧವಾಗಿರಬೇಕು, ಸರಿಹೋಗದಿದ್ದರೆ ತುಮಕೂರಿನ ಪ್ರವಾಸ ಮಾತ್ರವಲ್ಲ ಗೇಟಿನಾಚೆ ಒಂದು ಹೆಜ್ಜೆಯೂ ಇಲ್ಲ ಎಂದು ಹೇಳಿ ಹೋದರು.

ಕೃತಿಕಾ ಮನೆಗೆ ಬಂದು ಮುದ್ದೆ ಮುಟ್ಟಲಿಲ್ಲ. ನೋಟ್‌ಬುಕ್ಕನ್ನು ತಂದು ತಾತನ ಮುಂದಿಟ್ಟಳು.

“ಮಿಸ್ ಬೋರ್ಡ್ ಕಡೆ ತಿರುಕ್ಕಂಡು ಅತ್ರು ತಾತ. ನಮ್ಗೆ ಕಾಣ್ಬಾರ್ದು ಅಂತ.”

ಅರವತ್ತೆರಡು ವರ್ಷದ ಹಿಂದೆ ತನ್ನನ್ನು ಅಳಿಸಿದ ಮಾತು ಈಗ ಮೇಡಮ್ಮೋರನ್ನು ಅಳಿಸಿತಲ್ಲ ಎಂದು ದ್ಯಾವಪ್ಪ ರಾತ್ರಿಯೆಲ್ಲ ಹೊರಳಾಡಿದ. ಬೆಳಿಗ್ಗೆ ಎದ್ದು ಒಂದು ತೀರ್ಮಾನಕ್ಕೆ ಬಂದ. ಗುರುವಾರ ಶಾಲೆಗೆ ಹೋಗುವುದು, ತಪ್ಪು ತನ್ನದೆಂದು ಒಪ್ಪಿಕೊಳ್ಳುವುದು, ಸಾಹೇಬರ ಎದುರಿಗೆ, ಮಕ್ಕಳಿಗೆ ಕೇಳುವ ಹಾಗೆ, ಬಾಯಿಬಿಟ್ಟು ‘ಒಂದು’ ಅನ್ನುವುದು.

ಅಭ್ಯಾಸ ಶುರುವಾಯಿತು. ತೋಟಕ್ಕೆ ಹೋಗಿ ತೆಂಗಿನ ಮರ ಎಣಿಸಲು ನಿಂತರೆ ‘ಒ’ ಎಂದು ಬಾಯಿ ದುಂಡಗಾಗುವುದು, ಮುಂದಕ್ಕೆ ಹೋಗದು. ಕೋಳಿಗಳ ಮುಂದೆ ಪ್ರಯತ್ನಿಸಿದ. ಅವು ಕಾಳು ಹಾಕುತ್ತಾನೆಂದು ಕಾಲಿಗೆ ಮುತ್ತಿಕೊಂಡವು. ಮಂಗಳವಾರ ಸಂಜೆ ಕೊಟ್ಟಿಗೆಯಲ್ಲಿ, ಯಾರೂ ಇಲ್ಲದ್ದನ್ನು ಖಚಿತಮಾಡಿಕೊಂಡು, ಕಣ್ಣುಮುಚ್ಚಿ ‘ಒಂದು’ ಅಂದೇಬಿಟ್ಟ. ಅವತ್ತು ಹಸು ಸೊರೆಬಿಟ್ಟು ಹಾಲು ಕೊಡಲಿಲ್ಲ. ರಂಗಲಕ್ಷ್ಮಮ್ಮ ಖಾಲಿ ತಂಬಿಗೆ ಹಿಡಿದುಕೊಂಡು ಬಂದು, ಅಂತೂ ಅಂದುಬುಟ್ಟಾ ಎಂದು ಕೇಳಿದಳು. ನಲವತ್ತೈದು ವರ್ಷದಲ್ಲಿ ಮೊದಲ ಸಲ ಅವಳಿಗೂ ಆ ನಂಬಿಕೆಯ ಮೇಲೆ ನಂಬಿಕೆ ಹುಟ್ಟಿದಂತಿತ್ತು.

ಗುರುವಾರ ದ್ಯಾವಪ್ಪ ಮಗನ ಮದುವೆಗೆ ಹೊಲಿಸಿದ್ದ ಅಂಗಿ ತೊಟ್ಟು, ಬಿಳಿ ಪಂಚೆ ಉಟ್ಟು ಬೇವಿನ ಮರದವರೆಗೆ ಬಂದ. ಅಲ್ಲಿ ಸ್ವಲ್ಪ ಹೊತ್ತು ನಿಂತ. ಆಮೇಲೆ ಕಣಕ್ಕೆ ಇಳಿಯುವಾಗಿನಂತೆ ಮೆಟ್ಟು ಕಳಚಿಟ್ಟು ಗೇಟು ದಾಟಿದ. ಒಳಗೆ ಕಾಲಿಟ್ಟ ತಕ್ಷಣ ಅವನು ಮೊದಲು ನೋಡಿದ್ದು ಆ ಕಿಟಕಿಯನ್ನು. ಈಗ ಅದಕ್ಕೆ ಸರಳು ಹಾಕಿದ್ದರು.

ಭಾನುಪ್ರಕಾಶ್ ಕೆಟ್ಟ ಮನುಷ್ಯರೇನಲ್ಲ. ಮುದುಕ ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಲಾಭದ ಪದ್ಧತಿ ಅವರಿಗೆ ಹೊಸದು. ಕೇಳಿ ಅವರ ಗಂಟುಮುಖವೂ ಸ್ವಲ್ಪ ಸಡಿಲವಾಯಿತು. ಆದರೂ ಕಾಗದಕ್ಕೆ ಉತ್ತರ ಬೇಕಲ್ಲ. ಹೇಗೂ ಇವತ್ತಿನ ಹಾಜರಿ ಪರಿಶೀಲಿಸಬೇಕು, ಈ ಮಕ್ಕಳನ್ನು ನೀವೇ ಒಂದರಿಂದ ಎಣಿಸಿಬಿಡಿ, ನಿಮ್ಮ ಬಾಯಿಂದ ಕೇಳಿದರೆ ಅವರೂ ತಿದ್ದಿಕೊಳ್ಳುತ್ತಾರೆ, ನಾನು ಫೈಲು ಮುಚ್ಚುತ್ತೇನೆ ಎಂದರು. ಮಿಸ್ ತಲೆತಗ್ಗಿಸಿ ನಿಂತಿದ್ದರು. ಮಕ್ಕಳು ಅಂಗಳದಲ್ಲಿ ಎತ್ತರದ ಪ್ರಕಾರ ಸಾಲಾದರು. ಎಲ್ಲರಿಗಿಂತ ಮುಂದೆ ಹೇಮಶ್ರೀ, ಎರಡೂ ಎಡಗಾಲಿನ ಶೂ ಹಾಕಿಕೊಂಡು.

ದ್ಯಾವಪ್ಪ ಅವಳ ತಲೆಯ ಮೇಲೆ ಕೈಯಿಟ್ಟ. ಎಣ್ಣೆ ಹಚ್ಚಿ ಬಿಗಿದ ಜಡೆ, ಬಿಸಿಲಿಗೆ ಬೆಚ್ಚಗಾದ ನೆತ್ತಿ. ಇಷ್ಟು ದಿನ ತಿದ್ದಿ ತೀಡಿದ ಮಾತು ನಾಲಗೆಯ ತುದಿಗೆ ಬಂದು ಕೂತಿತ್ತು. ಹುಡುಗಿ ಕತ್ತೆತ್ತಿ, ಈಗ ಏನನ್ನುತ್ತಾನೆ ಎಂದು ಅವನ ಬಾಯನ್ನೇ ನೋಡುತ್ತಿದ್ದಳು. ದ್ಯಾವಪ್ಪನ ಬಾಯಿ ದುಂಡಗಾಯಿತು, ಹಾಗೆಯೇ ಮುಚ್ಚಿತು. ಕಣ್ಣಲ್ಲಿ ನೀರು ತುಂಬಿತು.

“ಆಗಕಿಲ್ಲ ಸ್ವಾಮಿ. ರಾಗಿಗೇ ಅನ್ನಕ್ಕಾಗ್ದೇ ಇದ್ದೋನು, ಈ ಕೂಸಿನ್ ತಲೆ ಮ್ಯಾಲೆ ಕೈ ಮಡಗಿ ಎಂಗನ್ಲಿ? ಇದು ಲಾಭವೇ. ನಂಗೆ ಏನಾರ ಶಿಕ್ಷೆ ಕೊಡಿ, ಮೇಡಮ್ಮೋರ್ನ ಬುಟ್ಬುಡಿ.”

ಅಷ್ಟಂದು, ಕೆಲಸ ಅರ್ಧಕ್ಕೆ ಬಿಟ್ಟು ಗೊತ್ತಿಲ್ಲದವನು, ಎರಡು, ಮೂರು ಎಂದು ಒಂದೊಂದೇ ತಲೆ ಮುಟ್ಟುತ್ತ ಸಾಲಿನ ಕೊನೆಯವರೆಗೂ ಹೋದ. ಇಪ್ಪತ್ತಮೂರಾಯಿತು. ಹಾಜರಿ ಪುಸ್ತಕದಲ್ಲೂ ಇಪ್ಪತ್ತಮೂರೇ ಇತ್ತು.

ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. ಆಗ ಹೇಮಶ್ರೀ ಸಾಲು ಬಿಟ್ಟು ಓಡಿ ಸ್ಲೇಟು ತಂದು, ದೊಡ್ಡದಾಗಿ ‘1’ ಬರೆದು ಅವರ ಮುಖಕ್ಕೆ ಹಿಡಿದಳು.

“ಬರಿಯೋವಾಗ ಒಂದು ಸಾರ್. ಎಣಿಸೋವಾಗ ಲಾಭ. ಯಾಕಂದ್ರೆ ಸ್ಲೇಟಿಗೆ ಕಿವಿ ಇಲ್ಲ.”

ಭಾನುಪ್ರಕಾಶ್ ನಗು ತಡೆಯಲು ಕರವಸ್ತ್ರ ಬಾಯಿಗಿಟ್ಟುಕೊಂಡು ಕೆಮ್ಮಿದರು. ಹಳೆಯ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಹೊಸ ಹಾಳೆಯಲ್ಲಿ, ಮಕ್ಕಳಿಗೆ ಒಂದು ಗೊತ್ತಿದೆ, ಹೆಚ್ಚಿಗೆ ಇನ್ನೂ ಏನೋ ಗೊತ್ತಿದೆ ಎಂದು ಬರೆದರು. ಪ್ರವಾಸಕ್ಕೆ ಮಕ್ಕಳ ಜೊತೆ ಒಬ್ಬ ಹಿರಿಯರು ಇರಲಿ ಎಂದು ಮಾತ್ರ ಷರತ್ತು ಹಾಕಿದರು.

ಹಾಗಾಗಿ ಫೆಬ್ರವರಿಯ ಒಂದು ಶನಿವಾರ ದ್ಯಾವಪ್ಪನೂ ತುಮಕೂರಿಗೆ ಹೋದ. ಶಿರಾ ಗೇಟಿನಲ್ಲಿ ಲಾರಿ, ಆಟೋಗಳ ನಡುವೆ ಕೈಯಗಲಿಸಿ ನಿಂತು ಮಕ್ಕಳನ್ನು ರಸ್ತೆ ದಾಟಿಸಿದ. ಮಕ್ಕಳು ಟೈರಿನಂಗಡಿ, ಬೇಕರಿ, ಮೆಡಿಕಲ್ಲು, ಕಣ್ಣಿಗೆ ಬಿದ್ದ ಬೋರ್ಡನ್ನೆಲ್ಲ ಒಟ್ಟಿಗೆ ಕೂಗಿ ಓದುತ್ತಿದ್ದರೆ ಅಂಗಡಿಯವರು ಹೊರಗೆ ಬಂದು ನೋಡಿದರು. ಕೃತಿಕಾಳ ನೋಟ್‌ಬುಕ್ಕು ಮಧ್ಯಾಹ್ನದೊಳಗೆ ತುಂಬಿತು.

ಸಂಜೆ ಬಸ್ಸು ಹತ್ತುವ ಮುಂಚೆ ತಲೆ ಎಣಿಸುವ ಕೆಲಸವನ್ನು ಮಿಸ್ ಹೇಮಶ್ರೀಗೆ ವಹಿಸಿದರು. ಮಕ್ಕಳನ್ನು ಹಿಂದಕ್ಕೆ ತಡೆದುಕೊಂಡು ದ್ಯಾವಪ್ಪ ಸಾಲಿನ ಮುಂದೆ ನಿಂತಿದ್ದ. ಅವಳ ಕೈಗೆ ಅವನ ತಲೆ ಎಟುಕದು. ಹೊಟ್ಟೆಯ ಮೇಲೆ ತಟ್ಟಿ ‘ಲಾಭ’ ಎಂದಳು. ಅಲ್ಲಿಂದ ಎರಡು, ಮೂರು ಎಂದು ಹಿಂದಕ್ಕೆ ಹೋದಳು. ಕೊನೆಗೆ ಇಪ್ಪತ್ತನಾಲ್ಕಾಯಿತು. ಇಪ್ಪತ್ತಮೂರಲ್ಲವೇನೇ ಎಂದು ಮಿಸ್ ಕೇಳಿದರು.

“ತಾತನೂ ನಮ್ ಇಸ್ಕೂಲೇ ಅಲ್ವಾ ಮಿಸ್?”

ದ್ಯಾವಪ್ಪ ಪಂಚೆಯ ಚುಂಗಿನಿಂದ ಮುಖ ಒರೆಸಿಕೊಂಡು ಬಸ್ಸು ಹತ್ತಿ, ಮೊದಲ ಸೀಟಿನಲ್ಲಿ, ಕಿಟಕಿಯ ಪಕ್ಕ ಕೂತ. ಕಂಡಕ್ಟರ್ ಬಂದು ಎಲ್ಲ ಹತ್ತಿದರಾ ಎಂದು ಕೇಳಿದ. ಇಪ್ಪತ್ತನಾಲ್ಕು ಮಕ್ಕಳೂ ಹತ್ತಿದ್ದಾರೆ ಎಂದರು ಪ್ರೇಮಲತಾ ಮಿಸ್.