ಅತ್ತೆ ಅಲ್ಲಾಡದೆ ಕೂತ ದಿನ

ನನ್ನ ಸೋದರಮಾವನನ್ನು ಊರೆಲ್ಲ ಕರೆಯುತ್ತಿದ್ದದ್ದು ‘ಅಲ್ಲಾಡಬೇಡಿ’ ಎಂದು. ಆ ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಆದರೆ ತಪ್ಪು ಅವನದೇ. ಬಸ್ ನಿಲ್ದಾಣದ ಎದುರಿನ ಮಹಡಿಯಲ್ಲಿ ಅವನ ಫೋಟೋ ಸ್ಟುಡಿಯೋ ಇತ್ತು. ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿ, ಗಲ್ಲ ಹಿಡಿದು ಇಷ್ಟು ಎಡಕ್ಕೆ, ಇಷ್ಟು ಮೇಲಕ್ಕೆ ತಿರುಗಿಸಿ, ಕ್ಯಾಮೆರಾದ ಹಿಂದೆ ಹೋಗಿ ನಿಂತು ಆ ಒಂದೇ ಮಾತು ಹೇಳುತ್ತಿದ್ದ. ಕೆಲಸದ ಅರ್ಜಿಗೆ ಫೋಟೋ ಬೇಕೆಂದು ಬಂದವರಿಗೂ ಅದೇ, ಅಳುವ ಕೂಸಿಗೂ ಅದೇ. ಒಮ್ಮೆ ಮನೆಯಲ್ಲಿ ನನ್ನ ಕಾಲಿನ ಮುಳ್ಳು ತೆಗೆಯುವಾಗಲೂ “ಅಲ್ಲಾಡಬೇಡಿ” ಎಂದಿದ್ದ. ಬಹುವಚನದಲ್ಲಿ! ನನಗೆ ಆಗ ಏಳೋ ಎಂಟೋ ವರ್ಷ.

ಆ ಮಾತು ಅವನ ಬಾಯಿಗೆ ಅಂಟಿಕೊಂಡದ್ದು ಅವನ ಮದುವೆಯ ದಿನ. ಬೇರೆ ಫೋಟೋಗ್ರಾಫರನನ್ನು ನಂಬುವ ಆಸಾಮಿಯಲ್ಲ ಅವನು. ತನ್ನ ಮದುವೆಯ ಫೋಟೋವನ್ನು ತಾನೇ ತೆಗೆಯುತ್ತೇನೆಂದು ಹಟ ಹಿಡಿದು, ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಟ್ಟು, ಟೈಮರ್ ತಿರುಗಿಸಿ, ಪಂಚೆ ಎತ್ತಿ ಹಿಡಿದುಕೊಂಡು ಓಡಿ ಬಂದು ಹೆಂಡತಿಯ ಪಕ್ಕ ಕೂತ. ಆ ಓಟ ನೋಡಿ ಅತ್ತೆಗೆ ನಗು ತಡೆಯಲಾಗಲಿಲ್ಲ. ಫೋಟೋದಲ್ಲಿ ಮಾವ ಸ್ಪಷ್ಟ, ಮೀಸೆಯ ಒಂದೊಂದು ಕೂದಲೂ ಎಣಿಸಬಹುದು. ಅತ್ತೆಯ ಮುಖ ಇರಬೇಕಾದಲ್ಲಿ ಬರೀ ಬಿಳಿ ಮಸುಕು. “ನೀನು ಅಲ್ಲಾಡಿದೆ” ಎಂದು ಮಾವ ನೆಂಟರೆಲ್ಲರ ಮುಂದೆ ಅಂದುಬಿಟ್ಟ. ಅತ್ತೆ ಅದನ್ನು ಮರೆಯಲಿಲ್ಲ. ಇನ್ನು ನಿಮ್ಮ ಕ್ಯಾಮೆರಾದ ಮುಂದೆ ಕೂರುವುದಿಲ್ಲ ಎಂದಳು, ಕೂರಲೂ ಇಲ್ಲ. ಊರಿನ ಮುಖಗಳೆಲ್ಲ ಇದ್ದ ಆ ಸ್ಟುಡಿಯೋದಲ್ಲಿ ಅವಳದೊಂದು ಮುಖ ಇರಲಿಲ್ಲ.

ಮುಖ ಇರದಿದ್ದರೇನು, ಅಲ್ಲಿನ ಅರ್ಧ ಕೆಲಸ ಅವಳದೇ. ಶಾಲೆ ಬಿಟ್ಟೊಡನೆ ನಾನು ಆ ಮಹಡಿ ಹತ್ತುತ್ತಿದ್ದೆ. ಡಾರ್ಕ್ ರೂಮಿನ ಪರದೆಯಿಂದ ಹೊರಬರುತ್ತಿದ್ದ ಆ ಹುಳಿಹುಳಿ ವಾಸನೆ, ತಂತಿಗೆ ಕ್ಲಿಪ್ ಹಾಕಿ ನೇತುಬಿಟ್ಟ ಒದ್ದೆ ಫೋಟೋಗಳು, ಗೋಡೆಯ ಕನ್ನಡಿಯ ಪಕ್ಕ ದಾರದಲ್ಲಿ ಕಟ್ಟಿದ ಬಾಚಣಿಗೆ. ಕಿಟಕಿಯ ಬಳಿ ಅತ್ತೆ ಟಚಿಂಗ್ ಮಾಡುತ್ತ ಕೂತಿರುತ್ತಿದ್ದಳು. ಸೂಜಿಯಂಥ ಕುಂಚದ ತುದಿಯನ್ನು ತುಟಿಗೆ ತಾಗಿಸಿ ಚೂಪು ಮಾಡಿ, ಮುಖಗಳ ಮೇಲಿನ ಕಲೆಗಳನ್ನು ಒಂದೊಂದಾಗಿ ಮುಚ್ಚುವುದು. ಮೊಡವೆ ಮಾಯ, ತರಚಿದ ಗುರುತು ಮಾಯ. ಮಚ್ಚೆಯನ್ನು ಮಾತ್ರ ಮುಟ್ಟುತ್ತಿರಲಿಲ್ಲ.

“ಅವರೇ ತೆಗೀರಿ ಅಂದಿದ್ದಾರಲ್ಲೇ,” ಎಂದು ಮಾವ ರೇಗುತ್ತಿದ್ದ.

“ಬಂದು ಹೋಗೋದನ್ನ ತೆಗೀತೀನಿ. ಅವರದ್ದೇ ಆಗಿರೋದನ್ನ ತೆಗೆಯೋಕೆ ನಾನ್ಯಾರ್ರೀ?” ಎನ್ನುವಳು ಅತ್ತೆ, ತಲೆಯೆತ್ತದೆ.

ಆಮೇಲೆ ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಬಂತು, ಸ್ಟುಡಿಯೋದ ಮೆಟ್ಟಿಲು ಹತ್ತುವವರು ಕಡಿಮೆಯಾದರು. ಬಾಗಿಲು ಹಾಕಿದ ದಿನ ಮಾವ ಕನ್ನಡಿಯನ್ನೂ ಬಾಚಣಿಗೆಯನ್ನೂ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದ. ಎರಡು ತಿಂಗಳು ಮನೆಯಲ್ಲಿ ಕೂತು ಅತ್ತೆಯ ತಲೆ ತಿಂದ. ಅಷ್ಟರಲ್ಲಿ ಕಣ್ಣಾಸ್ಪತ್ರೆಗೆ ಹೊಸ ಮೆಷಿನ್ ಬಂದಿತ್ತು. ಕಣ್ಣಿನ ಹಿಂದಿನ ಪರದೆಯ ಚಿತ್ರವನ್ನು ಲೇಸರ್ ಬೆಳಕಿನಲ್ಲಿ ತೆಗೆಯುವ ಮೆಷಿನ್. ಅದನ್ನು ನಡೆಸಲು ಫೋಟೋ ಗೊತ್ತಿದ್ದ, ತಾಳ್ಮೆಯ ಮನುಷ್ಯ ಬೇಕಿತ್ತು. ಅಲ್ಲಿನ ಡಾಕ್ಟರಮ್ಮ ಚಿಕ್ಕಂದಿನಲ್ಲಿ ಮಾವನ ಸ್ಟುಡಿಯೋದ ಸ್ಟೂಲಿನ ಮೇಲೆ ಅತ್ತು ಫೋಟೋ ತೆಗೆಸಿಕೊಂಡವಳು. ಮಾವನನ್ನೇ ಕರೆಸಿ ಕೆಲಸ ಕಲಿಸಿದಳು.

ಮಾವನಿಗೆ ಹೋದ ಜೀವ ಬಂದಂತಾಯಿತು. ಮೊದಲ ದಿನವೇ ಆ ಕತ್ತಲೆ ಕೋಣೆಯಲ್ಲಿ ಕನ್ನಡಿ ನೇತುಹಾಕಿ, ಬಾಚಣಿಗೆ ಕಟ್ಟಿದ. ಕಣ್ಣಿನ ಒಳಗಿನ ಚಿತ್ರ ತೆಗೆಸಲು ಬಂದವರು ತಲೆ ಬಾಚಿಕೊಂಡು ಕೂರುತ್ತಿದ್ದರು! ಸ್ವಲ್ಪ ದಿನ “ಸ್ವಲ್ಪ ನಗಿ” ಎಂದೂ ಹೇಳುತ್ತಿದ್ದನಂತೆ. ನಕ್ಕರೆ ಕಣ್ಣು ಕಿರಿದಾಗಿ ಚಿತ್ರ ಕೆಡುತ್ತದೆಂದು ಡಾಕ್ಟರಮ್ಮ ಅದನ್ನು ಬಿಡಿಸಿದಳು. ಅಲ್ಲಾಡಬೇಡಿ ಎನ್ನುವುದನ್ನು ಬಿಡಿಸುವ ಅಗತ್ಯ ಯಾರಿಗೂ ಬರಲಿಲ್ಲ, ಆ ಕೋಣೆಗೆ ಅದು ಹೇಳಿ ಮಾಡಿಸಿದ ಮಾತು.

ಮನೆಗೆ ಬಂದರೆ ಅದೇ ಪುರಾಣ. “ಸೂಜಿ ಇಲ್ಲ, ಮುಟ್ಟೋದೂ ಇಲ್ಲ. ಗಲ್ಲ ಊರಿ ಒಂದು ಚುಕ್ಕೆ ನೋಡ್ತಿದ್ರೆ ಸಾಕು. ಕಾಯಿಲೆ ನಮಗೆ ಗೊತ್ತಾಗೋಕೆ ಎಷ್ಟೋ ಮುಂಚೆ ಅಲ್ಲಿ ಕಾಣ್ಸುತ್ತೆ ಕಣೇ. ನೀನೂ ಒಂದ್ಸಲ ಬಾ.”

“ನನ್ನ ಮುಖಾನೇ ನೆಟ್ಟಗೆ ತೆಗೆಯೋಕಾಗ್ಲಿಲ್ಲ ನಿಮ್ಮ ಕೈಲಿ. ಕಣ್ಣೊಳಗಿಂದು ತೆಗೀತಾರಂತೆ!” ಎಂದು ಅತ್ತೆ ಮೂಗು ಮುರಿಯುತ್ತಿದ್ದಳು.

ನಗೆಯಾಡಿದರೂ ಅವಳಿಗೆ ಒಳಗೊಳಗೇ ಹೆದರಿಕೆ. ಅವಳ ಅಮ್ಮ ಕೊನೆಯ ವರ್ಷಗಳಲ್ಲಿ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡು ಓಡಾಡುತ್ತಿದ್ದರು. ವಯಸ್ಸಾಯಿತು, ಅದಕ್ಕೆ ಎಂದುಕೊಂಡರು ಎಲ್ಲರೂ. ನೋಟ ಅಂಚಿನಿಂದ ಸವೆಯುತ್ತ ಬಂದಿದೆ, ಗ್ಲಾಕೋಮಾ, ಕಣ್ಣಿನ ನರ ಒಣಗಿದೆ ಎಂದು ಗೊತ್ತಾಗುವಾಗ ಉಳಿಸಿಕೊಳ್ಳಲು ಏನೂ ಇರಲಿಲ್ಲ. ಆ ಕಾಯಿಲೆ ಅಮ್ಮನಿಂದ ಮಗಳಿಗೂ ಬರಬಹುದೆಂದು ಡಾಕ್ಟರಮ್ಮ ಹೇಳಿದ್ದನ್ನು ಮಾವ ಕೇಳಿಕೊಂಡು ಬಂದಿದ್ದ. ಅಂದಿನಿಂದ ಕೈ ತೊಳೆದುಕೊಂಡು ಅತ್ತೆಯ ಬೆನ್ನು ಹತ್ತಿದ. ಅವಳು ಜಗ್ಗಲಿಲ್ಲ. ಗೊತ್ತಾಗಿ ಕೊರಗುವುದಕ್ಕಿಂತ ಗೊತ್ತಿಲ್ಲದಿರುವುದೇ ವಾಸಿ ಎಂದು ನನ್ನ ಹತ್ತಿರ ಒಮ್ಮೆ ಹೇಳಿದ್ದಳು.

ಕೊನೆಗೆ ನಾನೇ ಜಗಳವಾಡಿ ಕರೆದುಕೊಂಡು ಹೋದೆ. ಆ ಹೊತ್ತಿಗೆ ನನಗೂ ಮದುವೆಯಾಗಿ, ಅತ್ತೆಗೆ ಎದುರು ಮಾತಾಡುವಷ್ಟು ಧೈರ್ಯ ಬಂದಿತ್ತು. ಆಸ್ಪತ್ರೆಯ ಕೋಣೆಯಲ್ಲಿ ಅತ್ತೆ ಮೊದಲು ಆ ಕನ್ನಡಿಯ ಮುಂದೆ ನಿಂತಳು. ತಲೆ ಬಾಚಿಕೊಂಡಳು. ಆಮೇಲೆ ಸೆರಗು ಸರಿಮಾಡಿ, ಗಲ್ಲವನ್ನು ಮೆಷಿನ್ನಿನ ತಟ್ಟೆಯ ಮೇಲೆ ಊರಿದಳು. ಮಾವ ತನ್ನ ಅಂಗಿಯ ಕಾಲರನ್ನೂ ಸರಿಮಾಡಿಕೊಂಡ. ಅಷ್ಟು ವರ್ಷಗಳ ಮೇಲೆ ಹೆಂಡತಿ ಅವನ ಮುಂದೆ ಕೂತಿದ್ದಳಲ್ಲ.

“ಅಲ್ಲಾಡಬೇಡ,” ಎಂದ.

ಬಲಗಣ್ಣಿನ ಚಿತ್ರ ಚೆನ್ನಾಗಿ ಬಂತು. ಎಡಗಣ್ಣಿನದು ಮೆಷಿನ್ನಿನ ಪರದೆಯ ಮೇಲೆ ಮೂಡಿದಾಗ ಮಾವ ಮುಖ ಸಿಂಡರಿಸಿದ. ಹಳೆಯ ಕಪ್ಪು ಬಿಳುಪು ಫೋಟೋದ ಹಾಗೇ ಇತ್ತು ಅದು. ನಡುವೆ ನರ ಸೇರುವ ಕಡೆ ಬೆಳ್ಳನೆಯ ಬಿಲ್ಲೆ, ಅದರಿಂದ ಹೊರಟ ರಕ್ತನಾಳಗಳು. ಬಿಲ್ಲೆಯ ಅಂಚಿನಿಂದ ಒಂದು ತೆಳು ಕಪ್ಪು ಪಟ್ಟಿ ಬೀಸಣಿಗೆಯ ಹಾಗೆ ಅಗಲವಾಗುತ್ತ ಕೆಳಗೆ ಹೋಗಿತ್ತು.

“ನೀನು ಅಲ್ಲಾಡಿದೆ,” ಎಂದ ಮಾವ. ಅಳಿಸಿ ಇನ್ನೊಂದು ತೆಗೆದ. ಪಟ್ಟಿ ಇತ್ತು. “ಮತ್ತೆ ಅಲ್ಲಾಡಿದೆ ನೋಡು!” ಲೆನ್ಸ್ ಒರೆಸಿದ, ಅಳಿಸಿದ, ಮತ್ತೆ ತೆಗೆದ. ದಿನವಿಡೀ ಇಂಥ ಚಿತ್ರಗಳನ್ನೇ ನೋಡುವವನಿಗೆ ಬೇರೆಯವರ ಕಣ್ಣಾಗಿದ್ದರೆ ಅನುಮಾನ ಬಾರದೆ ಇರುತ್ತಿರಲಿಲ್ಲ. ಹೆಂಡತಿಯ ಕಣ್ಣಿನಲ್ಲಿ ಮಾತ್ರ ಅವನಿಗೆ ಕಂಡದ್ದು ಆ ಮದುವೆಯ ಫೋಟೋ.

“ನಾನು ಅಲ್ಲಾಡ್ಲಿಲ್ಲ,” ಎಂದಳು ಅತ್ತೆ.

“ಅಲ್ಲಾಡ್ದೆ ಹೀಗೆ ಬರುತ್ತಾ? ಇರು, ಇನ್ನೊಂದು ತೆಗೀತೀನಿ. ಚೆನ್ನಾಗಿರೋದನ್ನೇ ಡಾಕ್ಟರಮ್ಮಂಗೆ ಕೊಡೋಣ.”

ಅತ್ತೆ ಎದ್ದು ಬಂದು, ಕನ್ನಡಕ ಹಾಕಿಕೊಂಡು, ಪರದೆಗೆ ಮುಖ ಹತ್ತಿರ ಮಾಡಿದಳು. ಕಿಟಕಿಯ ಬಳಿ ಕೂತು ಫೋಟೋ ನೋಡುತ್ತಿದ್ದಳಲ್ಲ, ಹಾಗೇ.

“ಅಲ್ಲಾಡಿದ್ರೆ ಎಲ್ಲಾ ಮಸುಕಾಗ್ಬೇಕಲ್ರೀ,” ಎಂದಳು ನಿಧಾನವಾಗಿ. “ನಾಳ ನೋಡಿ, ಕೂದಲಷ್ಟು ಸಣ್ಣದೂ ಸ್ಪಷ್ಟವಾಗಿದೆ. ಧೂಳಾಗಿದ್ರೆ ಬಲಗಣ್ಣಲ್ಲೂ ಇರ್ಬೇಕಿತ್ತು. ಇದನ್ನ ಅಳಿಸ್ಬೇಡಿ. ಇದು ನಂದೇ.”

ಮಾವ ಪರದೆಯನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. ಆಮೇಲೆ ಸ್ಟೂಲಿನ ಮೇಲೆ ಕುಸಿದು ಕೂತು, “ಹೌದು, ನೀನು ಅಲ್ಲಾಡಿಲ್ಲ,” ಎಂದ. ಅವನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಅದಕ್ಕಾಗಿ ಇಷ್ಟು ವರ್ಷ ಕಾದಿದ್ದ ಅತ್ತೆ ಗೆದ್ದೆನೆಂದು ನಗಲಿಲ್ಲ, ಅವನ ಭುಜದ ಮೇಲೆ ಕೈಯಿಟ್ಟಳು. ನಾನು ಡಾಕ್ಟರಮ್ಮನನ್ನು ಕರೆಯಲು ಓಡಿದೆ.

ಆ ಪಟ್ಟಿ ಇದ್ದ ಕಡೆ ನರ ಒಣಗಲು ಶುರುವಾಗಿತ್ತು, ಆದರೆ ಬರೀ ಶುರುವಾಗಿತ್ತು. ಇನ್ನು ತಡಮಾಡಿದ್ದರೆ ಕಷ್ಟವಿತ್ತು ಎಂದಳು ಡಾಕ್ಟರಮ್ಮ. ಪ್ರತಿ ಸಂಜೆ ಒಂದು ಹನಿ ಔಷಧಿ ಕಣ್ಣಿಗೆ ಬೀಳಬೇಕು, ಬಿಡುವಂತಿಲ್ಲ. ತಾನೇ ಹಾಕಿಕೊಳ್ಳಲು ಹೋದರೆ ಅತ್ತೆಯ ಗುರಿ ತಪ್ಪಿ ಹನಿ ಕೆನ್ನೆಗೆ ಬೀಳುತ್ತಿತ್ತು. ಹಾಗಾಗಿ ಆ ಕೆಲಸ ಮಾವನದಾಯಿತು. ಸಂಜೆ ದೀಪ ಹಾಕಿದೊಡನೆ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಗಲ್ಲ ಹಿಡಿದು ಇಷ್ಟು ಮೇಲಕ್ಕೆ, ಇಷ್ಟು ಎಡಕ್ಕೆ ತಿರುಗಿಸಿ, ಅದೇ ಮಾತು ಹೇಳಿ, ಹನಿ ಬಿಡುತ್ತಿದ್ದ. ಎಷ್ಟೋ ವರ್ಷ ಹಾಗೇ ನಡೆಯಿತು. ನಾನು ಹೋದಾಗಲೆಲ್ಲ ಆ ಹೊತ್ತಿಗೆ ಏನಾದರೂ ನೆಪ ಮಾಡಿಕೊಂಡು ಅಲ್ಲೇ ಸುಳಿದಾಡುತ್ತಿದ್ದೆ, ಅದನ್ನು ನೋಡುವುದು ನನಗೆ ಅಷ್ಟು ಇಷ್ಟ.

ಹೋದ ವರ್ಷ ಮಾವ ತೀರಿಕೊಂಡ. ಈಗ ಅತ್ತೆ ನಮ್ಮ ಮನೆಯಲ್ಲಿದ್ದಾಳೆ. ಅವಳ ನೋಟ ಹಾಗೇ ಇದೆ, ಅಕ್ಕಿಯಲ್ಲಿನ ಕಲ್ಲು ನನಗಿಂತ ಮೊದಲು ಅವಳಿಗೆ ಕಾಣುತ್ತದೆ. ಬಂದ ಮೊದಲ ಸಂಜೆ ಔಷಧಿಯ ಬುಡ್ಡಿ ಹಿಡಿದು ನಾನು ಅವಳ ಮುಂದೆ ನಿಂತೆ. ಅವಳು ತಲೆಯೆತ್ತಿ ಕೂತಳು. ಹನಿ ಬಿಡಲು ಹೋದರೆ ಕಣ್ಣು ಮುಚ್ಚಿಬಿಟ್ಟಳು. ಇನ್ನೊಮ್ಮೆ ಹೋದೆ, ಮತ್ತೆ ಮುಚ್ಚಿದಳು.

“ಏನತ್ತೆ ಇದು, ಮಕ್ಕಳ ಥರ?” ಎಂದೆ.

“ನೀನು ಹೇಳೋದೇ ಇಲ್ವಲ್ಲೇ.”

“ಏನು ಹೇಳ್ಬೇಕು?” ಎಂದು ಕೇಳಿದ ಮೇಲೆ ನನಗೆ ಹೊಳೆಯಿತು. ಗಲ್ಲ ಹಿಡಿದು ಸ್ವಲ್ಪ ಮೇಲಕ್ಕೆ ತಿರುಗಿಸಿದೆ. “ಅಲ್ಲಾಡಬೇಡ,” ಎಂದೆ.

ಅತ್ತೆ ಕಣ್ಣು ಅಗಲ ತೆರೆದು ಅಲ್ಲಾಡದೆ ಕೂತಳು. ಹನಿ ಬಿಟ್ಟೆ. ಅದು ಒಳಗೆ ನಿಲ್ಲುವ ಮೊದಲೇ ತುಂಬಿ ಬಂದ ನೀರಿನ ಜೊತೆ ಕೆನ್ನೆಯ ಮೇಲೆ ಇಳಿದುಹೋಯಿತು. ಅವಳು ಸೆರಗಿನಿಂದ ಒರೆಸಿಕೊಂಡು ಮತ್ತೆ ಮುಖವೆತ್ತಿದಳು.

“ಇನ್ನೊಂದು ಹಾಕೇ,” ಎಂದಳು, “ಅದು ಹೊರಗೆ ಹೋಯ್ತು.”