ಸೀತನಿಗೆ ಹೋದ ತೆನೆಗಳು

ಇವತ್ತು ಬೆಳಿಗ್ಗೆ ನಮ್ಮ ಗೋಕಾಕದ ಕಾಲೇಜಿನ ಜವಾನರು, ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದರು. ಬೇರೆಯವರಿಗೆ ಹೂವಿನ ವಾಸನೆಯಿಂದ ಯೌವನ ನೆನಪಾಗುತ್ತದಂತೆ. ನನ್ನ ಹಣೆಬರಹ ನೋಡಿ, ಮಶೀನಿನ ಎಣ್ಣೆ.

ಧಾರವಾಡದಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಓದುವಾಗ ನಾನೂ ದಸ್ತಗೀರನೂ ಒಂದೇ ಕೋಣೆಯಲ್ಲಿದ್ದೆವು. ಹುಕ್ಕೇರಿಯ ಬಳೆ ಅಂಗಡಿಯವರ ಮಗ ಅವನು. ಅಂಥದೇ ಯಂತ್ರದ ಹಿಡಿಕೆ ತಿರುಗಿಸಿ ತಿರುಗಿಸಿ ನನ್ನ ರಟ್ಟೆ ಬಲಿಯಿತೇ ಹೊರತು ತಲೆ ಬಲಿಯಲಿಲ್ಲ. ಅವನಿಗೆ ಮಾತ್ರ ಲೆಕ್ಕ ಒಲಿದಿತ್ತು.

ಸರಕಾರಿ ಗೊಬ್ಬರದಿಂದ ಹಿಂಗಾರಿ ಜೋಳ ಹೆಚ್ಚು ಬೆಳೆಯುತ್ತದೆಯೇ ಎಂಬುದು ಅವನ ಪ್ರಬಂಧದ ವಿಷಯ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಒಂದೊಂದು ಹೊಲ ಗೊತ್ತುಮಾಡಿ, ಪಟ್ಟಿಗಳಾಗಿ ಹಂಚಿ, ಚೀಟಿ ಎತ್ತಿ ಕೆಲವು ಪಟ್ಟಿಗಳಿಗೆ ಗೊಬ್ಬರ ಹಾಕಿಸಿದ. ನಿಮಗೆ ಬೇಸರವಾಗದಷ್ಟು ಹೇಳಿಬಿಡುತ್ತೇನೆ. ಗೊಬ್ಬರ ನಾವು ಆರಿಸಿದ್ದು, ಊರಿನ ಮಣ್ಣು ಅದೃಷ್ಟಕ್ಕೆ ಸಿಕ್ಕಿದ್ದು. ಎರಡೂ ಬೆರೆತ ಇಂಥ ಲೆಕ್ಕಕ್ಕೆ ಮಿಶ್ರ ಮಾದರಿ ಎನ್ನುತ್ತಾರೆ. ಎರಡರ ಪಾಲನ್ನೂ ಕಳೆದಮೇಲೆ ಉಳಿದದ್ದು ದೋಷ. ಗೊಬ್ಬರ ಯಾವ ಪಟ್ಟಿಗೆ ಬಿದ್ದಿದೆ ಎಂಬುದು ಆ ದೋಷಕ್ಕೆ ಗೊತ್ತಿರಬಾರದು. ಗೊತ್ತಾಯಿತೋ, ಇಡೀ ಲೆಕ್ಕ ಹಾಳು.

ಅವನ ವಿದ್ಯಾರ್ಥಿವೇತನ ಆ ಸುಗ್ಗಿಯವರೆಗೆ ಮಾತ್ರ. ಪದವಿ ಬಂದರೆ ಅಧ್ಯಾಪಕನ ಕೆಲಸ, ಬರದಿದ್ದರೆ ಅಪ್ಪನ ಅಂಗಡಿ.

ಜೋಳ ಹಾಲುಗಾಳಾದಾಗ ಅವನ ಜೊತೆ ಮೂಡಲಗಿಗೆ ನಾನೂ ಹೋದೆ. ಹೊಲದ ಒಡೆಯ ಸಿದ್ದಪ್ಪಕಾಕಾ ಕುಳ್ಳಿನ ಬೆಂಕಿಯಲ್ಲಿ ಎಳೆ ತೆನೆ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಬಿಸಿ ಬಿಸಿ ಸೀತನಿ ಕೊಟ್ಟರು. ಜೊತೆಗೆ ಬೆಲ್ಲ, ಶೇಂಗಾ ಚಟ್ನಿ. ದಸ್ತಗೀರ ಹೋದಾಗಲೆಲ್ಲ ಈ ಸತ್ಕಾರ ಇದ್ದದ್ದೇ. ಅವನ ಪ್ರಯೋಗದ ಹೊಲ ನೋಡಲು ಬಂದ ಕಾಕಾನ ನೆಂಟರಿಷ್ಟರಿಗೂ ಇದೇ ಸತ್ಕಾರ. ತೆನೆ ಬದುವಿನಾಚೆಯ ಹೊಲದ್ದೆಂದು ಅವನು ತಿಳಿದಿದ್ದ.

ರಾಶಿ ಮಾಡಿ ತೂಗಿದರೆ ಗೊಬ್ಬರ ಕಂಡ ಪಟ್ಟಿಯೂ ಕಾಣದ ಪಟ್ಟಿಯೂ ಒಂದೇ! ನಾವು ಕಣ್ಣಾರೆ ಕಂಡ ದಪ್ಪ ತೆನೆಗಳು ಎಲ್ಲಿ ಹೋದವು? ಅವನು ಮತ್ತೆ ಮೂಡಲಗಿಗೆ ಹೊರಟ, ನಾನೂ ಬೆನ್ನು ಹತ್ತಿದೆ.

“ಸೀತನಿಗೆ ಎಲ್ಲಿಂದ ಮುರಿದ್ರಿ ಕಾಕಾ?”

“ನಿನ್ನ ಗೊಬ್ಬರದ ಪಟ್ಟಿಯಾಗಿಂದನ ತಮ್ಮಾ. ಬಂದ ಮಂದಿಗೆ ಬಡಕ ತೆನಿ ಕೊಡಾಕ ಬರತೈತೇನು?”

ವಿಚಾರಿಸಿದರೆ ಉಳಿದೆರಡು ಹೊಲದವರೂ ಅದನ್ನೇ ಮಾಡಿದ್ದರು. ಎಷ್ಟು ಹೋಯಿತೆಂದು ಯಾರಿಗೂ ನೆನಪಿರಲಿಲ್ಲ. ದಸ್ತಗೀರ ಕಾಕಾಗೆ, ಸೀತನಿ ಬಹಳ ರುಚಿಯಾಗಿತ್ತು ಎಂದಷ್ಟೇ ಹೇಳಿ ಬಸ್ಸು ಹತ್ತಿದ. ಸೀಟಿನಲ್ಲಿ ಕೂತಮೇಲೆ ನನ್ನ ಕೈ ಹಿಡಿದುಕೊಂಡ.

“ಕಾಕಾಗ ಎಂದೂ ಹೇಳಬ್ಯಾಡ. ತಿಳಿದ್ರ ಅವರಿಗೆ ಉಂಡದ್ದು ಮೈಗೆ ಹತ್ತೂದಿಲ್ಲ.”

ಗುರುಗಳು ಆ ಅಂಕಿಗಳನ್ನು ಒಪ್ಪಲಿಲ್ಲ, ಒಪ್ಪುವಂತೆಯೂ ಇರಲಿಲ್ಲ. ದಸ್ತಗೀರ ಹುಕ್ಕೇರಿಗೆ ಹೋಗಿ ಅಂಗಡಿಯಲ್ಲಿ ಕೂತ. ಅವನು ಹೇಳಿಕೊಟ್ಟದ್ದರಿಂದ ಪಾಸಾದ ನಾನು ಮೇಷ್ಟ್ರಾದೆ. ಅಂಗಡಿಗೆ ಹೋದರೆ ಚಹಾ ತರಿಸುತ್ತಾನೆ, ಮಕ್ಕಳನ್ನು ಕೇಳುತ್ತಾನೆ, ಲೆಕ್ಕದ ಮಾತು ಬಂದರೆ ಎದ್ದು ಒಳಗೆ ಹೋಗುತ್ತಾನೆ. ಅಲ್ಲಿಂದ ಬಂದ ದಿನ ನನಗೆ ಊಟ ಸೇರುವುದಿಲ್ಲ.

ಇವತ್ತು ಮಧ್ಯಾಹ್ನ ಸಿದ್ದಪ್ಪಕಾಕಾ ಕಾಲೇಜಿಗೇ ಬಂದರು. ಕೋರ್ಟಿನ ಕೆಲಸಕ್ಕೆ ಗೋಕಾಕಕ್ಕೆ ಬಂದವರು ನನ್ನನ್ನು ಹುಡುಕಿಕೊಂಡು ಬಂದಿದ್ದರು. ಬಹಳ ಸೊರಗಿದ್ದಾರೆ. ಕೂತವರೇ ದಸ್ತಗೀರನನ್ನು ಕೇಳಿದರು, ಪಾಸಾದನಲ್ಲವೇ ಎಂದರು. ಆದನೆಂದೆ.

ಮುದುಕರ ಮುಖ ಅರಳಿತು.

“ಆಗದ ಏನ್ ಮಾಡ್ತಾನ? ಚಲೋ ಚಲೋ ತೆನಿ ಆರಿಸಿ ತಿನಿಸೇನಿ ಅವಗ.”