ಸೋರದ ಥ್ರಾಟಲ್

ಕೊಯಮತ್ತೂರಿನಲ್ಲಿ ಅಂಗಡಿಗೆ ಹೋಗಿ ಒಂದು ಸಾಮಾನು ಕೊಳ್ಳುವುದೆಂದರೆ ಸೋಲೊಪ್ಪಿಕೊಂಡ ಹಾಗೆ. ದಾವಣಗೆರೆಯಿಂದ ಮದುವೆಯಾಗಿ ಬಂದ ಮೇಲೆ ನಾನು ಕಲಿತ ಮೊದಲ ಪಾಠ ಇದು. ನಮ್ಮ ಮನೆಯ ಗೇಟಿನ ಕೀಲು, ಚಕ್ಕುಲಿ ಒರಳು, ಬಚ್ಚಲಿನ ನಲ್ಲಿ, ಕೊನೆಗೆ ದೇವರ ಮನೆಯ ಗಂಟೆಯ ನಾಲಿಗೆ ಕೂಡ ಮಾವನ ಯಾವುದೋ ಗೆಳೆಯನ ಲೇತಿನ ಮೇಲೆ ತಿರುಗಿ ಬಂದದ್ದೇ. ಸಿದ್ಧವಾಗಿದ್ದದ್ದನ್ನು ಹೊರಗಿನಿಂದ ತಂದದ್ದು ಅಂತಿದ್ದರೆ ಅದು ನನ್ನನ್ನು ಮಾತ್ರ. ಆ ಬಗ್ಗೆಯೂ ಮನೆಯವರಿಗೆ ಪೂರ್ತಿ ಸಮಾಧಾನವಿದ್ದಂತೆ ಕಾಣಲಿಲ್ಲ.

ಮಾವ ನಗರದ ಒಂದು ಪಂಪ್ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿದ್ದು ನಿವೃತ್ತರಾದವರು. ತಯಾರಾದ ಪಂಪಿನೊಳಕ್ಕೆ ಒತ್ತಡದಲ್ಲಿ ನೀರು ತುಂಬಿಸಿ, ಎಲ್ಲಾದರೂ ಜಿನುಗುತ್ತದೆಯೇ ಎಂದು ನೋಡುವುದು ಅವರ ಕೆಲಸ. ಜಿನುಗಿದರೆ ಪಂಪು ವಾಪಸ್. ತಲೆಮಾರುಗಳಿಂದ ಇಲ್ಲೇ ನೆಲೆಸಿದ ಕನ್ನಡದ ಮನೆ ನಮ್ಮದು. ಮನೆಯೊಳಗೆ ಕನ್ನಡ, ಗೇಟು ದಾಟಿದರೆ ತಮಿಳು, ಸಿಟ್ಟು ಬಂದರೆ ಎರಡೂ. ಹಾಗಾಗಿ ಜಿನುಗುವುದಕ್ಕೆ ಮಾವ 'ಕಸಿವು' ಎಂಬ ತಮಿಳು ಮಾತನ್ನೇ ಬಳಸುತ್ತಾರೆ. ಅದೂ ಬೇರೆಯವರು ವ್ಯಭಿಚಾರ ಎನ್ನುವ ದನಿಯಲ್ಲಿ.

ನಿವೃತ್ತಿಯ ನಂತರ ಅವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಮನೆಯ ನಲ್ಲಿಗಳ ಕೆಳಗೆ ಒಂದೊಂದಾಗಿ ಬೆರಳಿಟ್ಟು ನೋಡುತ್ತಾ ಅಡ್ಡಾಡುತ್ತಿದ್ದರು. ಒಂದೂ ಸೋರುತ್ತಿರಲಿಲ್ಲ, ಪಾಪ.

ಅಂಥ ಹೊತ್ತಿನಲ್ಲಿ ಅವರ ತಮ್ಮ, ನನ್ನ ಚಿಕ್ಕಮಾವ, ಪಲ್ಲಡಂನಿಂದ ಒಂದು ಯೋಜನೆ ಹೊತ್ತು ಬಂದರು. ಅವರದು ಕೋಳಿ ಫಾರಂ. ಕೋಳಿ ಗೊಬ್ಬರದಿಂದ ಗ್ಯಾಸ್ ಬರುತ್ತಿತ್ತು, ಶೆಡ್ಡಿನಲ್ಲಿ ಒಂದು ಹಳೆಯ ಡೀಸೆಲ್ ಲಾರಿ ಬಿದ್ದಿತ್ತು. ಎರಡಕ್ಕೂ ಗಂಟು ಹಾಕಿದರೆ ಕೋಳಿಯ ಮೇವು ಬೀಸುವ ಯಂತ್ರವನ್ನು ಬಿಟ್ಟಿ ಓಡಿಸಬಹುದು ಎಂದು ಲೆಕ್ಕ ಹಾಕಿದ್ದರು. ಲಾರಿಯ ಹಿಂಭಾಗ ಕತ್ತರಿಸಿ, ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಕೂರಿಸಿ, ಗೇರ್‌ಬಾಕ್ಸಿನ ಹಿಂದೆ ಬೆಲ್ಟು ಕಟ್ಟಿದ್ದೂ ಆಗಿತ್ತು. ಕ್ಯಾಬಿನ್ನನ್ನು ಮಾತ್ರ ಕತ್ತರಿಸಲು ಮನಸ್ಸು ಬಾರದೆ ಹಾಗೇ ಬಿಟ್ಟಿದ್ದರು. ಚಿಕ್ಕಮಾವ ಅದರೊಳಗೆ ಸ್ಟೇರಿಂಗ್ ಹಿಡಿದು ಕೂತರೆ, ಪ್ರಪಂಚ ಸುತ್ತಿ ಬಂದವರ ಗತ್ತು.

ಬಾಕಿ ಇದ್ದದ್ದು ಥ್ರಾಟಲ್ ಬಾಡಿ. ಅದು ಎಂಜಿನ್ನಿನ ಮೂಗು ಅಂದುಕೊಳ್ಳಿ. ಒಂದು ಕೊಳವೆ, ಒಳಗೊಂದು ದುಂಡನೆಯ ಬಿಲ್ಲೆ. ಪೆಡಲ್ ಒತ್ತಿದರೆ ಬಿಲ್ಲೆ ತಿರುಗಿ ಗಾಳಿಗೂ ಗ್ಯಾಸಿಗೂ ದಾರಿ ಬಿಡುತ್ತದೆ, ಕಾಲು ತೆಗೆದರೆ ಸ್ಪ್ರಿಂಗು ಅದನ್ನು ಹಿಂದಕ್ಕೆಳೆಯುತ್ತದೆ. ಡೀಸೆಲ್ಲಿಗೆ ಅದು ಬೇಕಿರಲಿಲ್ಲ, ಗ್ಯಾಸಿಗೆ ಬೇಕು.

"ಅಣ್ಣಾ, ರೆಡಿಮೇಡ್ ಸಿಕ್ತದಂತೆ. ತರ್ಸ್ಲಾ?" ಎಂದರು ಚಿಕ್ಕಮಾವ.

"ಏನ್ ತಂಬಿ, ನಾನಿನ್ನೂ ಇದ್ದೀನಲ್ಲಾ? ಒಂದು ಕೊಳಾಯಿ, ಒಳ್ಗೊಂದು ಬಿಲ್ಲೆ, ಅಷ್ಟೇ ತಾನೇ? ನಾನ್ ಮಾಡ್ಕೊಡ್ತೀನಿ," ಎಂದರು ಮಾವ. ಅಂದಿನಿಂದ ಅವರು ನಲ್ಲಿಗಳನ್ನು ಮರೆತರು.

ಕೊಳವೆಯನ್ನು ಫೌಂಡ್ರಿಯ ಗೆಳೆಯರೊಬ್ಬರು ಅಲ್ಯೂಮಿನಿಯಂನಲ್ಲಿ ಎರಕ ಹೊಯ್ದು ಕೊಟ್ಟರು. ಹಿತ್ತಾಳೆಯ ಬಿಲ್ಲೆ ಒಂದು ಹಳೆಯ ಪಂಪಿನ ಹೊಟ್ಟೆಯಿಂದ ಬಂತು. ಸ್ಪ್ರಿಂಗು ಎಲ್ಲಿಯದೋ ಹೊಲಿಗೆ ಯಂತ್ರದ್ದು. ಮಾವ ಹಿತ್ತಲಿನಲ್ಲಿ ಕೂತು, ಬಿಲ್ಲೆಯ ಅಂಚಿಗೆ ಅರೆಯುವ ಪೇಸ್ಟ್ ಹಚ್ಚಿ, ಮಗುವಿನ ಹಲ್ಲುಜ್ಜುವಷ್ಟು ಮೆತ್ತಗೆ ಉಜ್ಜುತ್ತಿದ್ದರು. ಅಂಚಿಗೆ ತೆಳುವಾದ ರಬ್ಬರ್ ಕೂಡ ಸುತ್ತಿದರು. ಊಟಕ್ಕೆ ಕರೆದರೆ ಬರುತ್ತಿರಲಿಲ್ಲ. ಬಂದರೆ ಆ ರಬ್ಬರಿನ ಗುಣಗಾನ ಬಿಟ್ಟು ಬೇರೆ ಮಾತಿರಲಿಲ್ಲ. ಅವರ ಮುಖದಲ್ಲಿ ಅಂಥ ಕಳೆಯನ್ನು ನಾನು ಅದಕ್ಕೆ ಮೊದಲು ನೋಡಿರಲೇ ಇಲ್ಲ.

ಕೆಲಸ ಮುಗಿದ ದಿನ ಊಟದ ಮೇಜಿನ ಮೇಲೆ ತಮಿಳು ಪೇಪರ್ ಹಾಸಿ, ಅದರ ಮೇಲೆ ಥ್ರಾಟಲ್ಲನ್ನು ಎತ್ತರಿಸಿಟ್ಟು, ಬಿಲ್ಲೆ ಮುಚ್ಚಿ, ಕೊಳವೆಯ ತುಂಬ ನೀರು ಹುಯ್ದರು. ಪಕ್ಕದ ಮನೆಯವರನ್ನೂ ಕರೆಸಿದರು. ನಾವೆಲ್ಲ ಊಟ ಮಾಡಿ ಮಜ್ಜಿಗೆ ಕುಡಿದು ಎದ್ದರೂ ಪೇಪರಿನ ಮೇಲೆ ಒಂದು ಹನಿ ಇರಲಿಲ್ಲ. ಅತ್ತೆ ಬಂದು ಅದಕ್ಕೆ ಕುಂಕುಮ ಇಟ್ಟರು.

ಆಗಲೇ ನನಗೆ ತಪ್ಪು ಹೊಳೆದದ್ದು. ನಾನು ಸೂಲೂರಿನ ಹತ್ತಿರ ಒಂದು ಕಾಲೇಜಿನಲ್ಲಿ ಎಂಜಿನ್ ಬಗ್ಗೆಯೇ ಪಾಠ ಮಾಡುವವಳು. ನನ್ನ ಸ್ವಂತ ಸ್ಕೂಟರ್ ಕೆಟ್ಟರೆ ಅದನ್ನು ತಳ್ಳಿಕೊಂಡು ಹೋಗುವುದಷ್ಟೇ ನನಗೆ ಗೊತ್ತು, ಅದು ಬೇರೆ ಮಾತು. ಆದರೆ ಬೋರ್ಡಿನ ಮೇಲೆ ಎಂಜಿನ್ ಓಡಿಸುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ.

"ಮಾವ, ಇದು ಇಷ್ಟು ಬಿಗಿಯಾಗಿ ಮುಚ್ಚಬಾರದು. ಪೆಡಲ್ ಬಿಟ್ಟಾಗಲೂ ಚೂರು ಗಾಳಿ ಹೋಗ್ತಾ ಇರಬೇಕು. ಇಲ್ಲದಿದ್ರೆ ಎಂಜಿನ್ ನಿಂತುಹೋಗುತ್ತೆ," ಎಂದೆ.

"ಕಸಿಯೋ ಸಾಮಾನಾ? ನನ್ ಕೈಯಿಂದಾನಾ?" ಎಂದರು ಮಾವ. "ಏನಮ್ಮಾ ಮಾತಾಡ್ತೀಯ ನೀನು!"

"ಸರ್ವೀಸೆಲ್ಲಾ ಅವ್ರು ಇದನ್ನೇ ನೋಡಿದ್ದು. ನೀನ್ ಬುಕ್ಕಲ್ಲಿ ಓದಿದ್ದು. ಸುಮ್ನಿರಮ್ಮಾ," ಎಂದರು ಅತ್ತೆ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಬೇರೆ ಊರಿಂದ ಕಿತ್ತು ತಂದು ನೆಟ್ಟ ಗಿಡವಾದರೆ ಕೇಳುವುದೇ ಬೇಡ. ನಾನು ಪಾತ್ರೆ ಎತ್ತಿಕೊಂಡು ಒಳಗೆ ಹೋಗಿ, ಸಿಂಕಿನಲ್ಲಿ ಅವನ್ನು ಸ್ವಲ್ಪ ಜೋರಾಗಿಯೇ ಹಾಕಿದೆ.

ಆಯುಧಪೂಜೆಯ ದಿನ ಪಲ್ಲಡಂನಲ್ಲಿ ಉದ್ಘಾಟನೆ. ಎಂಜಿನ್ನಿಗೆ ಗಂಧ, ಕ್ಯಾಬಿನ್ನಿಗೆ ಬಾಳೆಕಂದು, ಥ್ರಾಟಲ್ಲಿಗೆ ಅದರ ಗಾತ್ರ ಮೀರಿದ ಹಾರ. ಮುಂದಿನ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಲಾರಿಯೇ ಕದಲದ ಮೇಲೆ ನಿಂಬೆಹಣ್ಣು ಜಜ್ಜಿಹೋಗುವುದು ಹೇಗೆ? ಚಿಕ್ಕಮಾವ ಕ್ಯಾಬಿನ್ನಿನಿಂದ ಇಳಿದು ಬಂದು, ಅವನ್ನು ಹೊರಗೆಳೆದು ಚಪ್ಪಲಿ ಕಾಲಿನಿಂದ ತುಳಿದು ಶಾಸ್ತ್ರ ಮುಗಿಸಿ, ಮತ್ತೆ ಹತ್ತಿ ಕೂತರು.

ಸ್ವಿಚ್ ತಿರುಗಿಸಿ ಪೆಡಲ್ ಒತ್ತಿದರು. ಎಂಜಿನ್ ಭರ್ರೆಂದು ಎದ್ದಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಾವ ಕಣ್ಣೊರೆಸಿಕೊಂಡರು. ಚಿಕ್ಕಮಾವ ಕೈಮುಗಿಯಲೆಂದು ಪೆಡಲ್ ಮೇಲಿನ ಕಾಲು ಸಡಿಲಿಸಿದರು. ಎಂಜಿನ್ ಒಂದು ಸಲ ಕೆಮ್ಮಿ ಸತ್ತಿತು. ಆಮೇಲೆ ಕೋಳಿಗಳ ಸದ್ದಷ್ಟೇ.

ಮತ್ತೆ ಹಚ್ಚಿದರು, ಮತ್ತೆ ಸತ್ತಿತು. ಕಾಲು ಒತ್ತಿದ್ದರೆ ಆರ್ಭಟ, ಬಿಟ್ಟರೆ ಹೆಣ. ಹೀಗಾದರೆ ನಿಧಾನವಾಗಿ ಕ್ಲಚ್ ಬಿಟ್ಟು ಮೇವಿನ ಯಂತ್ರದ ಬೆಲ್ಟು ತಿರುಗಿಸುವುದು ಸಾಧ್ಯವೇ ಇರಲಿಲ್ಲ. ಸಲಹೆಗಳಿಗೇನು ಬರ? ಗ್ಯಾಸಿನಲ್ಲಿ ನೀರಿದೆ ಎಂದರು ಒಬ್ಬರು. ಎಂಜಿನ್ನಿನ ಮುಖ ದಕ್ಷಿಣಕ್ಕಿದೆ ಎಂದರು ಇನ್ನೊಬ್ಬರು. ಕಣ್ಣು ಬಿದ್ದಿದೆ ಎಂದು ಅತ್ತೆ ನಿಂಬೆಹಣ್ಣು ನಿವಾಳಿಸಿದರು. ಬ್ಯಾಂಕಿನಲ್ಲಿ ಕೆಲಸ ಮಾಡುವ ನನ್ನ ಗಂಡ ಫೋನಿನಲ್ಲಿ ಯಾವುದೋ ವಿಡಿಯೋ ಹುಡುಕುತ್ತಿದ್ದ. ಕಾರಣ ಗೊತ್ತಿದ್ದ ಒಬ್ಬಳು ಪ್ರಸಾದದ ಕಡಲೆ ಸುಂಡಲ್ ಹಂಚುತ್ತಿದ್ದಳು.

ಮಾವನ ತೀರ್ಮಾನ ಎಲ್ಲರದಕ್ಕಿಂತ ದೊಡ್ಡದಾಗಿತ್ತು. "ಎಲ್ಲೋ ಕೂದ್ಲೆಳೆಯಷ್ಟು ಕಸಿತಿದೆ. ಅದ್ಕೇ ನಿಲ್ತಿದೆ," ಎಂದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಥ್ರಾಟಲ್ ಬಿಚ್ಚಿಸಿ ಮನೆಗೆ ತಂದು, ರಬ್ಬರ್ ಬದಲಿಸಿ, ಇನ್ನಷ್ಟು ಉಜ್ಜಿ, ಇನ್ನಷ್ಟು ಬಿಗಿಮಾಡಿದರು. ಮತ್ತೆ ಪಲ್ಲಡಂಗೆ ಹೋದೆವು. ಈ ಸಲ ಕಾಲು ತೆಗೆದದ್ದೇ ತಡ, ಎಂಜಿನ್ ಕೆಮ್ಮದೆಯೇ ಸತ್ತಿತು.

ಚಿಕ್ಕಮಾವ ಒಳ್ಳೆಯವರು, ಅದೇ ತೊಂದರೆಯಾದದ್ದು. ಅಣ್ಣನ ಹೆಗಲ ಮೇಲೆ ಕೈಯಿಟ್ಟು, "ಪರವಾಗಿಲ್ಲಣ್ಣಾ, ನೀವು ಕಷ್ಟಪಡ್ಬೇಡಿ. ರೆಡಿಮೇಡೇ ಹಾಕ್ಸ್ಬಿಡ್ತೀನಿ," ಎಂದರು. ಬೈದಿದ್ದರೆ ಮಾವ ತಿರುಗಿ ಬೈದು ಚೇತರಿಸಿಕೊಳ್ಳುತ್ತಿದ್ದರು. ಕಾರಿನಲ್ಲಿ ಥ್ರಾಟಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಾ ಕೂತರು. ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಸೂಲೂರು ದಾಟುವಷ್ಟರಲ್ಲಿ ಇಳಿದುಹೋಯಿತು. ನಿವೃತ್ತಿಯ ನಂತರ ಸಿಕ್ಕ ಒಂದೇ ಒಂದು ಕೆಲಸವೂ ಅವರ ಕೈಜಾರಿ ಹೋಗುತ್ತಿತ್ತು.

ಮರುದಿನ ಬೆಳಿಗ್ಗೆ ಹಿತ್ತಲಿನಲ್ಲಿ ಅವರ ಪಕ್ಕ ಹೋಗಿ ಕೂತೆ.

"ಮಾವ, ಪಂಪಿನಲ್ಲಿ ನೀರು ಹೊರಗೆ ಬರಬಾರದು. ಅದಕ್ಕೆ ನೀವು ಹೇಳಿದ್ದೇ ಸರಿ. ಆದ್ರೆ ಇದು ಮೂಗು. ಮಲಗಿದವನಿಗೂ ಉಸಿರು ಬೇಕಲ್ವಾ? ನಾವು ಮೂಗು ಗಟ್ಟಿಯಾಗಿ ಹಿಡಿದು, ಯಾಕೆ ಏಳ್ತಿಲ್ಲ ಅಂತ ಕೇಳ್ತಿದ್ದೀವಿ."

ಮಾವ ಬಿಲ್ಲೆಯನ್ನು ತೆರೆದರು, ಮುಚ್ಚಿದರು. "ಅಂದ್ರೆ, ಚೂರು ಕಸಿಯೋದೇ ಇದ್ರ ಕೆಲ್ಸಾನಾ?" ಎಂದರು.

"ಹೌದು ಮಾವ."

ಎದ್ದು ಹೋಗಿ ಡ್ರಿಲ್ಲಿಂಗ್ ಮೆಷಿನ್ ತಂದರು. ಬಿಲ್ಲೆಯನ್ನು ಬಿಚ್ಚಿ ಮರದ ತುಂಡಿನ ಮೇಲಿಟ್ಟು ಬಿಗಿದರು. ಮೆಷಿನ್ ಎತ್ತಿದರು, ಇಳಿಸಿದರು. "ನನ್ ಕೈಲಿ ಆಗಲ್ಲಮ್ಮಾ. ನೀನೇ ಹಾಕು," ಎಂದು ನನ್ನ ಕೈಗೆ ಕೊಟ್ಟು, ಗೋಡೆಯ ಕಡೆ ತಿರುಗಿ ನಿಂತರು. ಜೀವಮಾನದಲ್ಲಿ ಡ್ರಿಲ್ಲನ್ನು ಕೈಯಲ್ಲಿ ಹಿಡಿಯದೆ ಎಂಜಿನಿಯರುಗಳನ್ನು ತಯಾರಿಸುತ್ತಿದ್ದ ನಾನು ತೂತು ಹೊಡೆದೆ. ಅದು ನಾನು ಗುರುತು ಹಾಕಿದ ಜಾಗದಲ್ಲಿ ಬೀಳಲಿಲ್ಲ. ಆದರೆ ಈಚೆಯಿಂದ ಆಚೆಗೆ ಬಿತ್ತು.

ಪಲ್ಲಡಂನಲ್ಲಿ ಈ ಸಲ ಹಾರ, ನಿಂಬೆಹಣ್ಣು ಏನೂ ಇರಲಿಲ್ಲ. ಚಿಕ್ಕಮಾವ ಪೆಡಲ್ ಒತ್ತಿ, ಹೆದರುತ್ತಾ ಕಾಲು ತೆಗೆದರು. ಎಂಜಿನ್ ಸದ್ದು ಇಳಿಯಿತು, ಇನ್ನೂ ಇಳಿಯಿತು, ಆಮೇಲೆ ಸಾಯದೆ ಗುಡುಗುಡು ಎನ್ನುತ್ತಲೇ ಇತ್ತು. ನನಗೆ ಕುಣಿಯುವಷ್ಟು ಖುಷಿಯಾಯಿತು. ಮಾವ ಮಾತ್ರ ಕೊಳವೆಯ ಬಾಯಿಗೆ ಕಿವಿಯಿಟ್ಟು, ಒಳಗೆ ಸುಯ್ಯೆನ್ನುವ ಗಾಳಿಯನ್ನು ಕೇಳುತ್ತಾ ನಿಂತಿದ್ದರು. ಸಂತೋಷವೋ ಸಂಕಟವೋ ಮುಖ ನೋಡಿ ಹೇಳಲಾಗಲಿಲ್ಲ.

ಮೇವಿನ ಯಂತ್ರ ಓಡತೊಡಗಿತು. ಚಿಕ್ಕಮಾವ ಬಂದಬಂದವರಿಗೆಲ್ಲ ಅಣ್ಣನ ಥ್ರಾಟಲ್ ತೋರಿಸತೊಡಗಿದರು. ನಾವೂ ಪಲ್ಲಡಂನಲ್ಲಿದ್ದ ಒಂದು ಭಾನುವಾರ, ಮಾವನ ಜೊತೆ ಪರೀಕ್ಷಾ ವಿಭಾಗದಲ್ಲಿದ್ದ ಹಳೆಯ ಸಹೋದ್ಯೋಗಿಯೊಬ್ಬರು ನೋಡಲು ಬಂದರು. ಎಂಜಿನ್ ನಿಲ್ಲಿಸಿ, ಕನ್ನಡಕ ಏರಿಸಿ, ಟಾರ್ಚು ಹಾಕಿ ಕೊಳವೆಯೊಳಗೆ ಇಣುಕಿದರು. ಬಿಲ್ಲೆಯ ತೂತು ಕಂಡು ಅವರ ಹುಬ್ಬು ಮೇಲೇರಿತು. ಅವರು ತಮಿಳಿನಲ್ಲಿ, ಎಲ್ಲರಿಗೂ ಕೇಳುವಂತೆ, "ಏನ್ ಸಾರ್, ನಿಮ್ಮ ಕೈಯ ಸಾಮಾನಿನಲ್ಲಿ ಕಸಿವಾ?" ಎಂದು ಕೇಳಿದರು.

ಚಿಕ್ಕಮಾವ ನೆಲ ನೋಡಿದರು. ಮಾವ ಹಣೆಯ ಬೆವರು ಒರೆಸಿಕೊಂಡು, ನನ್ನ ಕಡೆ ಕೈ ತೋರಿಸಿ, ಮೊದಲು ತಮಿಳಿನಲ್ಲಿ ಅವರಿಗೆ, ಆಮೇಲೆ ಕನ್ನಡದಲ್ಲಿ ನನಗೂ ಕೇಳಲಿ ಎಂಬಂತೆ ಹೇಳಿದರು: "ಆ ತೂತು ನಮ್ ಸೊಸೇದು. ಮಿಕ್ಕಿದ್ದೆಲ್ಲಾ ನಂದು. ಓಡ್ತಿರೋದು ತೂತಿಂದ."